ಪಿಳ್ಳಮ್ಮನಿಗೆ ಬಾರದ ಕಾಯಿಲೆ ವಾಸಿಯಾದದ್ದು

ಸಮೇತನಹಳ್ಳಿಯ ಸೊಸೆ ಭಾನುಪ್ರಿಯಾ ಎಂ.ಕಾಂ. ಓದಿದವಳು. ಏರ್‌ಪೋರ್ಟಿನ ಕೌಂಟರ್ ಕೆಲಸ ದೂರವೆಂದು ಬಿಟ್ಟು, ಮನೆಯಲ್ಲೇ ಕುಳಿತು ಸಕ್ಕರೆ ಕಾಯಿಲೆಯ ಪುಡಿಯೊಂದಕ್ಕೆ ಆನ್‌ಲೈನಿನಲ್ಲಿ ಗಿರಾಕಿಗಳ ಹೊಗಳಿಕೆ ಬರೆಯುತ್ತಿದ್ದಳು. ಗಿರಾಕಿಗಳೇ ಇಲ್ಲವೆಂಬುದು ಅವಳಿಗೆ ಅಡ್ಡಿಯಾಗಲಿಲ್ಲ. ತನ್ನ ಮದುವೆಯ ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸಿದ್ದ ಬಂಧುಗಳ ಹೆಸರುಗಳನ್ನೇ ಎತ್ತಿಕೊಂಡಳು. ಹೀಗೆ ಅವಳ ಅತ್ತೆ ಪಿಳ್ಳಮ್ಮ ಮೂರೇ ವಾರದಲ್ಲಿ ಗುಣಮುಖರಾದರು.

ಅದನ್ನು ಫೋನಿನಲ್ಲಿ ಓದಿದ ಪಿಳ್ಳಮ್ಮನ ತಂಗಿ ಅಕ್ಕಯಮ್ಮ, ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಿ, ಪುಡಿ ತರಿಸಿಕೊಂಡು, ತಲೆ ಸುತ್ತುತ್ತಲೇ ಅಕ್ಕನ ಮನೆಗೆ ಬಂದರು.

"ದಿನಕ್ಕೆ ಎಷ್ಟು ಚಮಚ ತಗೊಂಡೆ ಅಕ್ಕಾ?"

"ನಂಗ್ಯಾವಾಗ ಬಂತೇ ಸಕ್ಕರೆ ಕಾಯಿಲೆ? ಈಗಿನ್ನೂ ಎರಡು ಹೋಳಿಗೆ ತಿಂದು ಕೂತಿದ್ದೀನಿ!"

ಇಬ್ಬರೂ ಫೋನು ಬಲ್ಲ ಸೊಸೆಯತ್ತ ನೋಡಿದರು. ಬರೆದವಳು ನಾನೇ ಎನ್ನಲು ಒಂದು ವಾಕ್ಯ ಸಾಕಿತ್ತು. ಭಾನುಪ್ರಿಯಾ ಆತ್ಮಸಾಕ್ಷಿಯನ್ನೂ ಕೆಲಸವನ್ನೂ ಒಟ್ಟಿಗೆ ಉಳಿಸಿಕೊಂಡಳು.

"ಅದ್ಯಾರೋ ಬೇರೆ ಪಿಳ್ಳಮ್ಮ ಇರ್ಬೇಕು ಬಿಡಿ. ಚಿಕ್ಕತ್ತೆ, ನೀವು ಮಾತ್ರೆ ಬಿಡ್ಲೇಬೇಡಿ. ಪುಡೀನೂ ಜೊತೆಗೇ ತಗೊಳ್ಳಿ."

ಅಕ್ಕಯಮ್ಮ ಹಾಗೆಯೇ ಮಾಡಿದರು. ತಿಂಗಳಲ್ಲಿ ಸಕ್ಕರೆ ಇಳಿಯಿತು.

"ಪುಡಿ ಭಾರಿ ಕೆಲಸ ಮಾಡ್ತು ಕಣಮ್ಮಾ, ಆ ಪಿಳ್ಳಮ್ಮನ ಥರ ನನ್ ಹೆಸ್ರಲ್ಲೂ ಫೋನಲ್ಲಿ ನಾಲ್ಕು ಒಳ್ಳೆ ಮಾತು ಬರಿ" ಎಂದು ಅವರೇ ಕುಳಿತು ಬರೆಸಿದರು. ಭಾನುಪ್ರಿಯಾಳ ವೃತ್ತಿಯಲ್ಲಿ ಗಿರಾಕಿಯೊಬ್ಬರು ನಿಜವಾಗಿಯೂ ಹೇಳಿದ್ದು ಅದೊಂದೇ.