ಕೈಯಾಗ ಒಂದು

ಆ ಚಳಿಗಾಲದ ದಿನಗಳಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ತೊಂಬತ್ತರ ದಶಕದ ನಡುವಿನ ಯಾವುದೋ ವರ್ಷ. ನನಗೆ ಒಂಬತ್ತು ತುಂಬಿತ್ತು, ತಂಗಿ ಚಿನ್ನಿಗೆ ಆರು. ಕ್ವೀನ್ಸ್‌ಬರಿ ಎಂಬ ಇಂಗ್ಲಿಷ್ ಉಪನಗರದಲ್ಲಿ ಗುಜರಾತಿಗಳ ಮಿಠಾಯಿ ಅಂಗಡಿಯೊಂದರ ಮೇಲೆ ನಮ್ಮ ಫ್ಲ್ಯಾಟು. ಕಿಟಕಿ ಮುಚ್ಚಿದರೂ ತುಪ್ಪ ಕಾಯುವ ವಾಸನೆ ಹೇಗೋ ಒಳಗೆ ಬರುತ್ತಿತ್ತು. ನಾವು ನಾಲ್ವರೂ ಸೋಫಾದಲ್ಲಿ ಸಾಲಾಗಿ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಮೇಜಿನ ತುಂಬ ಗಣಿತದ ಪುಸ್ತಕಗಳಿದ್ದವು. ಅಣ್ಣ, ತಮ್ಮ, ಅಕ್ಕ, ತಂಗಿ ಎಂದು ಬೆಳೆದವರಿಗೆಲ್ಲ ಗೊತ್ತಿರುತ್ತದೆ, ಇಡೀ ಮನೆ ಒಂದೇ ಮಗುವಿನ ಸುತ್ತ ತಿರುಗುವ ಕಾಲವೊಂದು ಬರುತ್ತದೆ. ಅದು ಚಿನ್ನಿಯ ಕಾಲ.

ಆಗ ನಾನು ಡೈರಿ ಬರೆಯುತ್ತಿರಲಿಲ್ಲ. ಹಾಗಾಗಿ ಈಗ ಬರೆಯುತ್ತಿರುವುದಕ್ಕೆ ನನ್ನ ನೆನಪು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಆ ನೆನಪೋ, ಹೊಟ್ಟೆಕಿಚ್ಚಿನ ಕೈಯಲ್ಲಿ ಬೆಳೆದದ್ದು. ಓದುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಚಿನ್ನಿಯನ್ನು ಅಮ್ಮ ಶಾಲೆ ಬಿಡಿಸಿದ್ದಳು. ಅವಳ ಕಿವಿಯೊಳಗೆ ಪದೇಪದೇ ನೀರು ಕಟ್ಟಿಕೊಳ್ಳುತ್ತಿತ್ತು. ನೆಗಡಿ ಬಂತೆಂದರೆ ಅರ್ಧ ಮಾತು ಕೇಳಿಸದು. ದೊಡ್ಡವಳಾದಂತೆ ಸರಿಹೋಗುತ್ತದೆ ಎಂದು ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಹೇಳಿದ್ದರು. ಅಲ್ಲಿಯವರೆಗೆ ಅವಳು ತರಗತಿಯಲ್ಲಿ ಥರ್ಟೀನ್ ಅಂದರೆ ಮೂವತ್ತು ಬರೆದಳು, ಫಿಫ್ಟಿ ಅಂದರೆ ಹದಿನೈದು ಬರೆದಳು. ಕೂಡುವ ಲೆಕ್ಕ ಸರಿಯಾಗಿಯೇ ಮಾಡುತ್ತಿದ್ದಳು, ಆದರೆ ಕೇಳಿದ ಲೆಕ್ಕವನ್ನಲ್ಲ. ಪೇರೆಂಟ್ಸ್ ಈವ್ನಿಂಗಿನಲ್ಲಿ ಟೀಚರು ತುಂಬ ಮೆತ್ತಗೆ, ಚಿನ್ನಿ ಸ್ವಲ್ಪ ಸ್ಲೋ ಎಂದರಂತೆ. ಅಮ್ಮ ಧಾರವಾಡದಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಕಾಲೇಜಿನಲ್ಲಿ ಕಲಿಸುತ್ತಿದ್ದು, ಮದುವೆಯಾಗಿ ಇಲ್ಲಿಗೆ ಬಂದವಳು. ಆ ಸಂಜೆ ಮನೆಗೆ ಬಂದವಳು ಕೋಟು ಸಹ ತೆಗೆಯದೆ ಕೂತುಬಿಟ್ಟಳು.

"ಮನ್ಯಾಗ ಕಲಿಸ್ತೀನಿ," ಎಂದಳು.

ಅಪ್ಪ ಆಸ್ಪತ್ರೆಯ ಡಾಕ್ಟರು. ಡ್ಯೂಟಿ ಮುಗಿಸಿ ಬಂದು ಕಣ್ಣು ಉಜ್ಜಿಕೊಳ್ಳುತ್ತಿದ್ದ. "ಸರ್ಕಾರದವರು ಬಿಡ್ತಾರೇನು?"

"ಬಿಡ್ತಾರಂತ. ಸಾಲಿಗೆ ಒಂದು ಕಾಗದ ಬರದ್ರ ಮುಗೀತಂತ."

"ಅಷ್ಟs? ಟಿವಿ ಲೈಸೆನ್ಸ್ ಬಿಡಸೂದು ಇದಕ್ಕಿಂತ ಕಠಿಣ ಐತಿ," ಎಂದ ಅಪ್ಪ. ಅಮ್ಮ ನಗಲಿಲ್ಲ.

ಅಲ್ಲಿಂದ ಪುಸ್ತಕಗಳು ಬರತೊಡಗಿದವು. ಕೆಲವು ಲೈಬ್ರರಿಯಿಂದ, ಕೆಲವು ಅಂಚೆಯಲ್ಲಿ, ಕೆಲವು ಮನೆಯಲ್ಲೇ ಮಕ್ಕಳಿಗೆ ಕಲಿಸುವ ಬೇರೆ ತಾಯಂದಿರಿಂದ ನೋಡಿ ವಾಪಸು ಕೊಡುವುದಕ್ಕೆಂದು. ಹೊಸ ಪುಸ್ತಕದ ಅಂಟಿನ ವಾಸನೆ ನನಗೆ ಇವತ್ತಿಗೂ ಬೇರೆಯವರ ವಸ್ತುವಿನ ವಾಸನೆ. ಅಮ್ಮ ಒಂದೊಂದನ್ನೂ ಒಂದಷ್ಟು ದಿನ ಚಿನ್ನಿಯ ಮೇಲೆ ಪರೀಕ್ಷಿಸಿ ನೋಡುತ್ತಿದ್ದಳು. ಇಲ್ಲಿನವರದೇ ಒಂದು ಬಣ್ಣಬಣ್ಣದ ವರ್ಕ್‌ಬುಕ್ ಮಾಲೆ ಇತ್ತು. ಅದನ್ನು ಮಗುಚಿ ಹಾಕಿದಳು. "ಪುಟಕ್ಕ ಎರಡು ಲೆಕ್ಕ, ಉಳದದ್ದೆಲ್ಲಾ ಕರಡಿ." ಇನ್ನೊಂದರ ಜೊತೆ ಮರದ ಡಬ್ಬಿಯಲ್ಲಿ ಬಣ್ಣದ ಕಡ್ಡಿಗಳು ಬಂದಿದ್ದವು, ಒಂದಕ್ಕೆ ಬಿಳಿಯ ಪುಟ್ಟ ತುಂಡು, ಹತ್ತಕ್ಕೆ ಕಿತ್ತಳೆ ಬಣ್ಣದ ಉದ್ದನೆಯದು. ಚಿನ್ನಿ ಕಿತ್ತಳೆ ಕಡ್ಡಿಗಳಿಂದ ಮಂಚ ಮಾಡಿ ಬಿಳಿಯದನ್ನು ಮಲಗಿಸಿದಳು, ಅದಕ್ಕೆ ಕಿವಿ ನೋಯುತ್ತಿದೆ ಎಂದಳು. ಆ ಡಬ್ಬಿಯೂ ವಾಪಸು ಹೋಯಿತು. ಅಮೆರಿಕದಿಂದ ಬಂದ ಒಂದು ದಪ್ಪ ಪುಸ್ತಕದಲ್ಲಿ ಚಿತ್ರಗಳೇ ಇರಲಿಲ್ಲ, ಪುಟದ ತುಂಬ ಲೆಕ್ಕ. ಅಮ್ಮನಿಗೆ ಅದು ಹಿಡಿಸಿತು. ಆದರೆ ಅದರ ಲೆಕ್ಕಗಳಲ್ಲಿ ನಿಕಲ್, ಡೈಮ್ ಎಂದೆಲ್ಲ ಅಲ್ಲಿನ ನಾಣ್ಯಗಳು.

ನಮ್ಮ ಮೇಲಿನ ಮಹಡಿಯಲ್ಲಿ ಸರಸಕ್ಕ ಇದ್ದರು. ಕುಂದಾಪುರದವರು, ಗಂಡ ಟೂಟಿಂಗಿನ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಸಂಜೆ ಒಮ್ಮೆ ಬಂದು ಮೇಜು ನೋಡಿ, "ಹ್ವಾಯ್, ಇದ್ ಮನಿಯಾ ಲೈಬ್ರರಿಯಾ?" ಎಂದರು.

"ಯಾವುದು ಛಲೋ ಅನ್ನೂದs ತಿಳೀವಲ್ದು ನೋಡ್ರಿ," ಎಂದಳು ಅಮ್ಮ.

"ನೀವ್ ಸೀರಿ ಆರ್ಸುಕೆ ಹೋರೂ ಹಿಂಗೇ ಅಲ್ದಾ? ಅಂಗ್ಡಿಯವ್ ಮುಚ್ಚುಕೆ ಬಂದ್ರೂ ಆತಿಲ್ಲೆ."

ಅವರಿಬ್ಬರೂ ನಕ್ಕರು. ನಾನು ಅಡುಗೆಕಟ್ಟೆಯ ಪಕ್ಕದಲ್ಲಿ ನಿಂತುಕೊಂಡೇ ನನ್ನ ಹೋಮ್‌ವರ್ಕ್ ಮಾಡುತ್ತಿದ್ದೆ. ಅದನ್ನು ಯಾರೂ ಆರಿಸಿರಲಿಲ್ಲ, ಶಾಲೆಯಲ್ಲಿ ಎಲ್ಲರಿಗೂ ಕೊಟ್ಟ ಜೆರಾಕ್ಸ್ ಹಾಳೆ ಅದು.

ಆ ಪುಸ್ತಕಗಳಲ್ಲಿ ಬರೆಯುವ ಹಾಗಿರಲಿಲ್ಲ. ನಾನು ಶಾಲೆಯಿಂದ ಬಂದು ಅವನ್ನು ಒಂದೊಂದಾಗಿ ಬಚ್ಚಲುಮನೆಗೆ ಒಯ್ದು, ಬಾಗಿಲು ಹಾಕಿಕೊಂಡು, ಆರು ವರ್ಷದವರಿಗೆ ಬರೆದ ಆ ಲೆಕ್ಕಗಳನ್ನೆಲ್ಲ ಮನಸ್ಸಿನಲ್ಲೇ ಬಿಡಿಸುತ್ತಿದ್ದೆ. ಕರಡಿಗಳನ್ನೂ ಬಿಡಲಿಲ್ಲ. ಎಲ್ಲ ಸುಲಭ. ಸುಲಭವಾದಷ್ಟೂ ಸಿಟ್ಟು ಬರುತ್ತಿತ್ತು.

ಒಂದು ದಿನ ಕೇಳಿಯೇಬಿಟ್ಟೆ. ನಾನು ಆಗ ಕನ್ನಡದ ಪ್ರಶ್ನೆಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು. "ಅಮ್ಮಾ, ಐ ವಾಂಟ್ ಟು ಸ್ಟೇ ಹೋಮ್ ಟೂ."

"ಯಾಕ? ಸಾಲ್ಯಾಗ ಯಾರರೆ ಏನರೆ ಅಂದ್ರೇನು?"

"ನೋ."

"ಮತ್ತ?"

ಪುಸ್ತಕಗಳ ಕಡೆ ಬೆರಳು ತೋರಿಸಿದೆ. "ಚೂಸ್ ಒನ್ ಫಾರ್ ಮಿ."

ಅಮ್ಮ ನನ್ನ ಕೆನ್ನೆ ಹಿಡಿದು ಅಲ್ಲಾಡಿಸಿದಳು. "ಹುಚ್ಚಿ. ನಿನಗ್ಯಾಕವ್ವಾ ಇವು? ನೀ ಶ್ಯಾಣ್ಯಾಕಿ ಇದ್ದಿ. ನಿನಗ ಹೇಳಿಕೊಡೂದs ಬ್ಯಾಡ."

ಶ್ಯಾಣ್ಯಾಕಿ ಅಂದರೆ ಜಾಣೆ. ಧಾರವಾಡದ ಕಡೆ ಮಕ್ಕಳನ್ನು ಮುದ್ದು ಮಾಡಿ ಹೇಳುವ ಮಾತು. ಅಮ್ಮ ಅದನ್ನು ಬಂದವರೆದುರು ನನ್ನ ತಲೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದಳು, ಮನಸಾರೆ ಹೇಳುತ್ತಿದ್ದಳು. ನನಗೆ ಮಾತ್ರ ಅದರ ಕೊನೆಯ ಮಾತೇ ಕೇಳಿಸುತ್ತಿತ್ತು, ಬ್ಯಾಡ. ಚಿನ್ನಿಯನ್ನು ಅಮ್ಮ ಯಾವತ್ತೂ ಶ್ಯಾಣ್ಯಾಕಿ ಅನ್ನಲಿಲ್ಲ. ಅವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು.

ಮುಂದಿನದನ್ನು ನಾನು ಕಣ್ಣಾರೆ ಕಂಡೆನೋ, ಅಮ್ಮ ಅಪ್ಪನಿಗೆ ಹೇಳಿದ್ದನ್ನು ಕೇಳಿ ಕಂಡಂತೆ ಮಾಡಿಕೊಂಡೆನೋ, ಖಾತ್ರಿಯಿಲ್ಲ. ಅಮ್ಮ ಹೀಟರಿನ ಮುಂದೆ ಬಟ್ಟೆ ಒಣಹಾಕುತ್ತ, ತನ್ನಷ್ಟಕ್ಕೆ ಕ್ಲಿಪ್ಪುಗಳನ್ನು ಕನ್ನಡದಲ್ಲಿ ಎಣಿಸುತ್ತಿದ್ದಳು. ಈ ದೇಶಕ್ಕೆ ಬಂದು ಎಷ್ಟು ವರ್ಷವಾದರೂ ಅವಳ ಎಣಿಕೆ ಮಾತ್ರ ಕನ್ನಡದ್ದು. ಹನ್ನೊಂದು, ಹನ್ನೆರಡು ಎನ್ನುವಾಗ ಫೋನು ಬಂತು. ಮಾತು ಮುಗಿಸಿ ತಿರುಗಿದರೆ, ಚಿನ್ನಿ ಕ್ಲಿಪ್ಪುಗಳನ್ನು ಮುಂದಕ್ಕೆ ಎಣಿಸುತ್ತಿದ್ದಳು. ಹದಿಮೂರು, ಹದಿನಾಕು, ಹದಿನೈದು. ಮೂವತ್ತು ದಾಟಿದರೂ ಎಡವಲಿಲ್ಲ. ಹದಿಮೂರು, ಮೂವತ್ತು: ಎಷ್ಟು ನೆಗಡಿ ಇದ್ದರೂ ಈ ಎರಡು ಒಂದೇ ಥರ ಕೇಳಿಸುವುದು ಸಾಧ್ಯವೇ ಇರಲಿಲ್ಲ.

ಆವತ್ತಿಗೆ ಆರಿಸುವುದು ಮುಗಿಯಿತು. ಅಮ್ಮ ಅಮೆರಿಕದ ದಪ್ಪ ಪುಸ್ತಕವನ್ನೇ ಇಟ್ಟುಕೊಂಡಳು, ಕರಡಿಗಳಿಲ್ಲವೆಂದು. ಅದನ್ನು ಕನ್ನಡದಲ್ಲಿ ಓದಿ ಹೇಳಿದಳು. ಡೈಮು, ನಿಕಲ್ಲುಗಳಿದ್ದಲ್ಲಿ ಚಕ್ಕುಲಿ, ಕೋಡುಬಳೆ ಬಂದವು. ಜಾನ್ ಮತ್ತು ಮೇರಿ ಎಂಬ ಮಕ್ಕಳು ಹಂಚಿಕೊಂಡ ಕುಕ್ಕೀಗಳನ್ನು ನಮ್ಮ ಮನೆಯಲ್ಲಿ ಸರಸಕ್ಕ ಮತ್ತು ಅಪ್ಪ ಕರದಂಟಾಗಿ ಹಂಚಿಕೊಂಡರು. ಅಪ್ಪನಿಗೆ ಯಾವಾಗಲೂ ಕಡಿಮೆ ಬರುತ್ತಿತ್ತು. ಚಿನ್ನಿ ಕುರ್ಚಿಯಲ್ಲೇ ಕುಣಿದು ನಗುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದು ಬಾಗಿಲಲ್ಲಿ ಕೋಟು ಹಾಕಿಕೊಂಡೇ ನಿಂತಿದ್ದೆ. ಇಬ್ಬರೂ ನನ್ನನ್ನು ನೋಡಲಿಲ್ಲ. ಇಪ್ಪತ್ತೆಂಟಕ್ಕೆ ಹದಿನೈದು ಕೂಡಿಸುವ ಲೆಕ್ಕ ನಡೆದಿತ್ತು.

"ಎಂಟೂ ಐದೂ?" ಎಂದಳು ಅಮ್ಮ.

"ಹದಿಮೂರು."

"ಮೂರು ಬರಿ. ಕೈಯಾಗ ಒಂದು."

ದಶಕವನ್ನು ಮುಂದಿನ ಸಾಲಿಗೆ ಒಯ್ಯುವಾಗ ನಮ್ಮವರು ಹೇಳುವ ಮಾತು ಅದು. ಅಮ್ಮ ತಾನು ಕಲಿತ ಹಾಗೆಯೇ, ಯೋಚಿಸದೆ ಹೇಳಿದ್ದಳು. ಚಿನ್ನಿ ಪೆನ್ಸಿಲು ಕೆಳಗಿಟ್ಟು ಅಂಗೈ ಒಡ್ಡಿದಳು.

"ಏನು?"

"ಒಂದು. ಕೊಡು."

ಅಮ್ಮನಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಎಷ್ಟು ನಕ್ಕಳೆಂದರೆ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದ್ದು ಪಾಯಸಕ್ಕೆಂದು ಇಟ್ಟಿದ್ದ ದ್ರಾಕ್ಷಿಯ ಡಬ್ಬಿ ತಂದು, ಒಂದೇ ಒಂದು ಒಣದ್ರಾಕ್ಷಿಯನ್ನು ಆ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು.

"ನೋಡು, ಇದು ಒಂದು ಕಾಣಸ್ತದ. ಖರೇ ಅಂದ್ರ ಇದು ಹತ್ತು. ಬಾಜೂ ಮನಿಗೆ ಒಯ್ದು ಎಣಿಸೂತನಕ ತಿನ್ನೂ ಹಂಗಿಲ್ಲ. ತಿಳೀತಿಲ್ಲೋ?"

ಚಿನ್ನಿ ಮುಷ್ಟಿ ಬಿಗಿ ಹಿಡಿದು ಎಡಗಡೆಯ ಸಾಲಿಗೆ ಹೋದಳು. "ಎರಡು, ಒಂದು, ಕೈಯಾಂದು ಒಂದು. ನಾಕು!" ಬರೆದು, ದ್ರಾಕ್ಷಿ ಬಾಯಿಗೆ ಹಾಕಿಕೊಂಡಳು. ನನ್ನ ಶಾಲೆಯಲ್ಲಿ ಆ ಒಂದನ್ನು ಗೆರೆಯ ಕೆಳಗೆ ಸಣ್ಣದಾಗಿ ಬರೆದು, ಲೆಕ್ಕ ಮುಗಿದ ಮೇಲೆ ಹೊಡೆದುಹಾಕುತ್ತಿದ್ದೆವು.

ಫೆಬ್ರವರಿಯ ಹಾಫ್ ಟರ್ಮ್ ರಜೆ ಬಂತು. ಒಂದು ವಾರ ನಾನೂ ಮನೆಯಲ್ಲಿ. ಸೋಮವಾರ ಬೆಳಿಗ್ಗೆ ಹೇಳದೆ ಕೇಳದೆ ಮೇಜಿನ ಇನ್ನೊಂದು ಬದಿಗೆ ಕೂತು, ಹಾಳೆಯ ಮೇಲೆ ಚಿನ್ನಿಯ ಲೆಕ್ಕಗಳನ್ನೇ ನಕಲು ಮಾಡಿಕೊಂಡು ಬಿಡಿಸಿದೆ. ಅಮ್ಮ ನೋಡಿದಳು, ಬೇಡವೆನ್ನಲಿಲ್ಲ. ಮೊದಲ ಲೆಕ್ಕದಲ್ಲೇ ಒಂದು ದಶಕ ಬಂತು. ನಾನು ಅಂಗೈ ಒಡ್ಡಿದೆ. ಮುಂಚಿನ ರಾತ್ರಿ ಹಾಸಿಗೆಯಲ್ಲಿ ಅಭ್ಯಾಸ ಮಾಡಿದ್ದ ಮಾತನ್ನು ಕನ್ನಡದಲ್ಲೇ ಹೇಳಿದೆ: "ಕೈಯಾಗ ಒಂದು."

ಅಮ್ಮ ನನ್ನ ಹಾಳೆ ನೋಡಿದಳು. ಅಷ್ಟರಲ್ಲಿ ನಾನು ನಲವತ್ಮೂರು ಎಂದು ಪೂರ್ತಿ ಬರೆದುಬಿಟ್ಟಿದ್ದೆ.

"ಮಾಡೇಬಿಟ್ಟಿ ಅಲ್ಲ! ಮತ್ತ ಕೈಯಾಗ ಯಾಕ?" ಎಂದು ನಕ್ಕು, ಡಬ್ಬಿಯೊಳಗೆ ಕೈಹಾಕಿ ಒಂದು ಹಿಡಿ ದ್ರಾಕ್ಷಿ ತೆಗೆದು ನನ್ನ ಅಂಗೈಗೆ ಸುರಿದಳು. "ತಿನ್ನು, ನನ್ನ ಶ್ಯಾಣ್ಯಾಕಿ."

"ಅಕ್ಕಗ ಅಷ್ಟ್ಯಾಕ?" ಎಂದು ಚಿನ್ನಿ ಕಿರುಚಿದಳು. "ನಂಗ ಒಂದs ಕೊಡ್ತಿ! ನಾಟ್ ಫೇರ್!"

"ನೀ ಲೆಕ್ಕ ಮಾಡವ್ವಾ. ಅಕ್ಕಂದು ಮುಗದದ."

ದ್ರಾಕ್ಷಿಗಳು ಬೆರಳ ಸಂದಿನಿಂದ ಜಾರಿ ಮೇಜಿನ ಮೇಲೆ ಉದುರಿದವು. ಒಂದು ಹಿಡಿ ದ್ರಾಕ್ಷಿ ಬರೀ ದ್ರಾಕ್ಷಿ. ಅದರಲ್ಲಿ ಯಾವುದೂ ಹತ್ತಾಗಿರಲಿಲ್ಲ. ನಾನು ಒಂದನ್ನು ಬಿಟ್ಟು ಉಳಿದವನ್ನೆಲ್ಲ ತಿಂದೆ. ಆ ಒಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮನೆಯೆಲ್ಲ ಓಡಾಡಿದೆ. ಸಂಜೆಯ ಹೊತ್ತಿಗೆ ಅಂಗೈ ಅಂಟಂಟಾಗಿತ್ತು. ಕೈಯಲ್ಲೇನಿದೆ ಎಂದು ಯಾರೂ ಕೇಳಲಿಲ್ಲ. ಮಂಗಳವಾರದಿಂದ ನಾನು ಟಿವಿ ನೋಡಿದೆ.

ಮುಂದಿನ ಸೆಪ್ಟೆಂಬರಿನಲ್ಲಿ ಚಿನ್ನಿಯ ಕಿವಿ ಸರಿಹೋಗಿ ಅವಳು ಶಾಲೆಗೆ ಮರಳಿದಳು. ಪುಸ್ತಕ ಇನ್ಯಾರದೋ ಮನೆಗೆ ಹೋಯಿತು, ಮೇಜಿನ ಮೇಲೆ ಊಟ ಬಂತು. ನಾನು ಕನ್ನಡ ಓದಲು ಬರೆಯಲು ಕಲಿತದ್ದು ಎಷ್ಟೋ ಆಮೇಲೆ, ವಿಶ್ವವಿದ್ಯಾಲಯದ ದಿನಗಳಲ್ಲಿ, ಯಾರೂ ಹೇಳದೆ. ಭಾಷೆಯ ಮೇಲಿನ ಪ್ರೀತಿ ಎಂದು ಜನ ಹೊಗಳುತ್ತಾರೆ. ನಾನು ಹುಡುಕಿದರೆ ಆ ಚಳಿಗಾಲದ ಹೊಟ್ಟೆಕಿಚ್ಚು ಬಿಟ್ಟರೆ ಬೇರೆ ಕಾರಣ ಸಿಗುವುದಿಲ್ಲ. ಚಿನ್ನಿ ಈಗ ಸ್ಟ್ರಾಟ್‌ಫರ್ಡ್‌ನಲ್ಲಿದ್ದಾಳೆ. ಅವಳಿಗೆ ದ್ರಾಕ್ಷಿ ನೆನಪಿಲ್ಲ, ಕ್ಲಿಪ್ಪು ನೆನಪಿಲ್ಲ, ಕನ್ನಡದಲ್ಲಿ ಇಪ್ಪತ್ತರ ಮೇಲೆ ಎಣಿಕೆಯೂ ಬರುವುದಿಲ್ಲ. "ಆ ವರ್ಷ ಬರೀ ಇಯರ್ ಡ್ರಾಪ್ಸ್ ನೆನಪು," ಎನ್ನುತ್ತಾಳೆ. ನಾನು ಇಷ್ಟು ವರ್ಷ ಅಸೂಯೆಪಟ್ಟದ್ದು ಯಾವುದಕ್ಕೋ ಅದು ಅವಳ ಬಳಿ ಇಲ್ಲವೇ ಇಲ್ಲ.

ಎರಡು ಸಾವಿರನೇ ಇಸವಿಯ ನಂತರದ ಒಂದು ರಜೆಯಲ್ಲಿ ನಾನು ಮನೆಗೆ ಬಂದಿದ್ದಾಗ, ಅಪ್ಪನ ಆಸ್ಪತ್ರೆಗೆ ಹೊಸದಾಗಿ ಸೇರಿದ ಮೈಸೂರಿನ ಡಾಕ್ಟರೊಬ್ಬರ ಹೆಂಡತಿ ಅಮ್ಮನನ್ನು ನೋಡಲು ಬಂದಳು. ಮಗನಿಗೆ ಮನೆಯಲ್ಲೇ ಕಲಿಸುವ ಯೋಚನೆ. "ಆಂಟಿ, ಮ್ಯಾಥ್ಸ್‌ಗೆ ಯಾವ ಬುಕ್ಸ್ ತಗೊಳ್ಳೋದು ಅಂತಾನೇ ಗೊತ್ತಾಗ್ತಿಲ್ಲ. ಎಷ್ಟೊಂದಿವೆ!" ಎಂದಳು.

"ಪುಸ್ತಕ ಯಾವುದರೆ ಇರಲಿ," ಎಂದಳು ಅಮ್ಮ. "ಬಾಜೂಕ ನೀವು ಕೂಡಬೇಕು ನೋಡ್ರಿ. ನಾ ಇಬ್ಬರನ್ನೂ ಕೂಡಿಸ್ಕೊಂಡು ಕಲಿಸೀನಿ. ಈ ಕಡೆ ಇಕಿ, ಆ ಕಡೆ ಸಣ್ಣಾಕಿ. ಕೈಯಾಗ ಒಂದು ಅಂದ್ರ ಸಾಕು, ಇಬ್ಬರೂ ಕೈ ಒಡ್ಡತಿದ್ರು. ಒಂದೊಂದು ದ್ರಾಕ್ಷಿ ಇಟ್ಟು ಮುಚ್ಚತಿದ್ದೆ. ಎಷ್ಟು ಛಂದ ಇತ್ತು ಆ ಥಂಡಿಗಾಲ."

ಹೇಳುತ್ತ ಅಮ್ಮ ನನ್ನ ಕಡೆ ನೋಡಿ ನಕ್ಕಳು, ಇಬ್ಬರಿಗೂ ಗೊತ್ತಿರುವ ಒಂದು ಸುಖವನ್ನು ನೆನಪಿಸುವವಳಂತೆ. ಅವಳು ಸುಳ್ಳು ಹೇಳುವವಳಲ್ಲ. ನಾನು ಚಹದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ. ಸಿಂಕಿನ ಮುಂದೆ ನಿಂತು ಮತ್ತೆ ಮತ್ತೆ ಲೆಕ್ಕ ಹಾಕಿದೆ. ಆ ಒಂದು ವಾರ ನಿಜಕ್ಕೂ ಒಂದೇ ಬೆಳಿಗ್ಗೆಯೇ? ಮಂಗಳವಾರವೂ ಕೂತಿದ್ದೆನೇ? ನನ್ನ ಸಿಟ್ಟೇ ಉಳಿದ ದಿನಗಳನ್ನು ಅಳಿಸಿತೇ? ಎರಡು ನೆನಪುಗಳಲ್ಲಿ ನನಗೆ ಬೇಕಾದದ್ದು ಅವಳದು. ನಂಬಲಾಗುವುದು ನನ್ನದು.

ಈಗ ಕೇಳೋಣವೆಂದರೆ ಅಮ್ಮನಿಲ್ಲ. ಚಿನ್ನಿಯ ಮೇಲಿನ ಕಿಚ್ಚು ಎಂದೋ ಆರಿಹೋಗಿದೆ. ಉಳಿದಿರುವುದು ಇನ್ನೊಬ್ಬ ಹುಡುಗಿಯ ಮೇಲೆ, ನನ್ನ ಹೆಸರಿನ, ನನ್ನ ಎರಡು ಜಡೆಯ ಆ ಒಂಬತ್ತು ವರ್ಷದವಳ ಮೇಲೆ. ಅಮ್ಮನ ನೆನಪಿನಲ್ಲಿ ಅವಳು ದಿನವೂ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವಳಿಗೂ ಹೇಳಿಕೊಡುವುದು ಬೇಕಿತ್ತು. ಅವಳನ್ನು ಕಂಡವಳು ಲೋಕದಲ್ಲಿ ಅಮ್ಮ ಒಬ್ಬಳೇ, ಅಮ್ಮ ಹೋದ ದಿನ ಅವಳೂ ಹೋದಳು.