ಬದುಕಿದ್ದ ಸೀಪಾಳಿಗೆ ಅತ್ತವರು

ದೋರ್ಕಳ ಹತ್ತಿರ ಶೇಂಗಾ ಕೊಂಡರೆ ಬೈಗುಳ ಕೊಸರು ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು. ಮುದುಕಿಯ ಬಾಯಿ ಅಂಥದ್ದು. ಕಟ್ಟು ಹಿಡಿದು "ಕಾಯಿ ಸಣ್ಣದಾಯ್ತಲ್ಲ" ಎಂದವಳಿಗೆ, "ನಿನ್ನ ಗಂಡನಿಗಿಂತ ದಪ್ಪ ಇದೆ, ತಗೊಂಡು ಹೋಗೇ" ಎನ್ನುವಳು. ಕೊಂಡವರು ನಗುತ್ತಲೇ ಹೋಗುವರು. ಅದೇ ನೆರೆಯವರು ಇನ್ನೊಂದು ಮಾತನ್ನೂ ಹೇಳುತ್ತಿದ್ದರು: ದೋರ್ಕಳ ಜೀವ ದೋರ್ಕಳೊಳಗಿಲ್ಲ, ಮೊಮ್ಮಗಳೊಳಗಿದೆ.

ಮೊಮ್ಮಗಳು ಸೀಪಾ. ಹೆತ್ತವಳು ಹೆರಿಗೆಯಲ್ಲೇ ಕಣ್ಣು ಮುಚ್ಚಿದಳು, ಸಾಕಿದವಳು ದೋರ್ಕ. ನ್ಯೂಗಿನಿಯ ನಮ್ಮ ಬೆಟ್ಟಗಳಲ್ಲಿ ಅಜ್ಜಿ ಮೊಮ್ಮಗಳನ್ನು "ಬುಬು" ಅನ್ನುತ್ತಾಳೆ, ಮೊಮ್ಮಗಳೂ ಅಜ್ಜಿಯನ್ನು "ಬುಬು" ಅನ್ನುತ್ತಾಳೆ. ದಿನವಿಡೀ ಆ ಮನೆಯಿಂದ ಅದೊಂದೇ ಪದ; ಯಾರು ಯಾರನ್ನು ಕರೆದರೆಂದು ಗೋಡೆಗೂ ತಿಳಿಯದು.

ಏಳನೆಯ ವಯಸ್ಸಿನಲ್ಲಿ ಸೀಪಾಳ ಕೈಯಿಂದ ಗೆಣಸು ಜಾರತೊಡಗಿತು. ಆಮೇಲೆ ನೀರಿನ ಬಾಟಲಿ. ಯಾರೋ ಹಿಂದಿನಿಂದ ಚಿವುಟಿದಂತೆ ಮೈ ಬೆಚ್ಚಿಬೀಳುತ್ತಿತ್ತು. ಅಕ್ಷರ ಮರೆತಳು, ಶಾಲೆಯ ದಾರಿ ಮರೆತಳು, ಕೊನೆಗೆ ಮಾತನ್ನೇ ಮರೆತಳು. ಮಾಟ ಎಂದಿತು ಊರು. ಆಸ್ಪತ್ರೆಯವರು ಬೇರೆಯೇ ಹೇಳಿದರು: ಐದು ತಿಂಗಳ ಕೂಸಾಗಿದ್ದಾಗ, ಲಸಿಕೆಯ ಸೂಜಿ ಹಾಕಿಸುವ ವಯಸ್ಸು ಬರುವ ಮೊದಲೇ ಬಂದಿದ್ದ ದಡಾರ ಪೂರ್ತಿ ಹೋಗಿರಲಿಲ್ಲ, ತಲೆಯೊಳಗೆ ಅಡಗಿ ಕುಳಿತಿತ್ತು. ದಡಾರ ಬಂದ ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಮದ್ದಿಲ್ಲ.

"ಆ ಒಂದು ನಮ್ಮನೇದೇ ಆಗ್ಬೇಕಿತ್ತಾ?" ಎಂದು ದೋರ್ಕ ಕೇಳಿದಾಗ ನರ್ಸಮ್ಮ ಲೋವೈ ಅವಳ ಪಕ್ಕ ಬಂದು ಕುಳಿತಳು. ಮುದುಕಿಯನ್ನು ಅವಳೂ ಬುಬು ಎಂದೇ ಕರೆಯುತ್ತಿದ್ದಳು.

"ಬುಬು, ಊರಿನ ಬೇರೆ ಮಕ್ಕಳಿಗೆಲ್ಲ ಸೂಜಿ ಆಗಿದ್ದಿದ್ರೆ ಈ ಕೂಸಿಗೆ ತಗಲ್ತಾನೇ ಇರ್ಲಿಲ್ಲ. ಇವಳ ಫೋಟೋ ತೋರ್ಸಿ ಹೇಳಿದ್ರೆ ತಾಯಂದಿರು ಕೇಳ್ತಾರೇನೋ. ಕೊಡ್ತೀಯಾ?"

"ಇನ್ನೊಂದು ಮನೆಗೆ ಇದು ಬರಬಾರ್ದು. ತಗೋ."

ಶಾಲೆಯಲ್ಲಿ ತೆಗೆದಿದ್ದ ಫೋಟೋ ಅದು. ಗೋಡೆಗೆ ಒಂದು ಕಾಗದ ಅಂಟಿಸಿಯಾರು ಎಂದುಕೊಂಡಿದ್ದಳು ದೋರ್ಕ. ಆದರೆ ನಗುವ ಮುಖ ಬಾಗಿಲಷ್ಟು ದೊಡ್ಡ ಬಟ್ಟೆಯ ಮೇಲೆ ಅಚ್ಚಾಗಿ ಬಂತು, ಕೆಳಗೆ ಸೂಜಿಯ ಚಿತ್ರ. ಸಂತೆಯ ಬೇಲಿಗೆ ಕಟ್ಟಿದರು. ದೂರದಲ್ಲಿ ಕೂತು ಅಚ್ಚು ಹಾಕಿಸಿದವರಿಗೆ ಹೊಳೆಯಲಿಲ್ಲ. ಲೋವೈ ಕರಾವಳಿಯ ಕಡೆಯವಳು, ಅವಳಿಗೂ ಹೊಳೆಯಲಿಲ್ಲ. ನಮ್ಮ ಕಡೆ ಮುಖವನ್ನು ಬಟ್ಟೆಗೆ ಏರಿಸಿ ಬೇಲಿಗೆ ಕಟ್ಟುವುದು ಸತ್ತವರಿಗೆ ಮಾತ್ರ.

ಮರುದಿನ ಬೆಳಿಗ್ಗೆ ಆಚೆ ಬೆಟ್ಟದ ಹೆಂಗಸರು ಮೈಗೆಲ್ಲ ಕೆಸರು ಬಳಿದುಕೊಂಡು, ಬಾಳೆಗೊನೆ, ಗೆಣಸಿನ ಚೀಲ ಹೊತ್ತು, ಗೋಳಿಡುತ್ತ ಅಂಗಳಕ್ಕೆ ಬಂದರು. ಮುಂದೆ ಯಾಗೂ, ಸಂತೆಯಲ್ಲಿ ದೋರ್ಕಳ ಪಕ್ಕ ಕೂತು ಸೊಪ್ಪು ಮಾರುವವಳು.

"ಯಾರೇ ಸತ್ತಿದ್ದು?" ದೋರ್ಕ ಹೊರಗೆ ಬಂದಳು.

"ನಿನ್ನ ಸೀಪಾ ಕಣೇ, ಅಯ್ಯಯ್ಯೋ..."

"ಒಳಗೆ ಗೆಣಸು ಹಿಸುಕಿ ತಿನ್ನಿಸ್ತಾ ಇದೀನಿ ಅವಳಿಗೆ! ಹೋಗಿ ಮೂತಿ ತೊಳ್ಕೊಂಡು ಬಾ, ನಿನಗೂ ಒಂದು ತುತ್ತು ಇಡ್ತೀನಿ."

ಒಬ್ಬಿಬ್ಬರು ಕೆಸರಿನ ಮುಖದಲ್ಲೇ ನಕ್ಕರು. ಯಾಗೂ ನಗಲಿಲ್ಲ, ಒಳಗೆ ಇಣುಕಲೂ ಇಲ್ಲ. ಒಮ್ಮೆ ಅತ್ತ ಮೇಲೆ ಕಣ್ಣೀರನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಬಾಳೆಗೊನೆಯನ್ನು ಅಂಗಳದಲ್ಲೇ ಇಟ್ಟು ಹೋದಳು.

ಅಂಗಳಕ್ಕೆ ಬಂದವರು ಹತ್ತಾರು ಮಂದಿ. ಸಂತೆಯಲ್ಲಿ ಬಟ್ಟೆ ನೋಡಿದ್ದು ಸುತ್ತಲ ನಾಲ್ಕೂ ಬೆಟ್ಟದವರು. ಮೇಲೆ ಸತ್ತ ಮಗು, ಕೆಳಗೆ ಸೂಜಿ. ಓದು ಬಾರದವರಿಗೂ ಅರ್ಥವಾಗುವಂತಿತ್ತು. ಸೂಜಿ ಚುಚ್ಚಿ ಕೊಂದರಂತೆ ಎಂಬ ಸುದ್ದಿ ಬೆಟ್ಟದಿಂದ ಬೆಟ್ಟಕ್ಕೆ ಹಾರಿತು. ಸೂಜಿಯ ದಿನ ಲೋವೈ ಹಾಸಿದ ಚಾಪೆಯ ಮೇಲೆ ಒಂದು ಕೋಳಿ ಬಂದು ಕೂತಿತ್ತು, ಅಷ್ಟೆ. ಆ ತಿಂಗಳೇ ಮೇಲಿನ ಕೇರಿಯಲ್ಲಿ ಎರಡು ಮಕ್ಕಳ ಮೈ ಕೆಂಪಾಗಿ ದಡಾರದ ದದ್ದು ಎದ್ದವು.

ಲೋವೈ ಅಳುತ್ತ ಬಂದಳು. "ತಪ್ಪಾಯ್ತು ಬುಬು. ಇವತ್ತೇ ಬಟ್ಟೆ ಬಿಚ್ಚಿಸ್ತೀನಿ."

"ಬಿಚ್ಚಿದ್ರೆ ಮಣ್ಣು ಮಾಡಿದ್ರು ಅಂತಾರೆ. ಅದು ಅಲ್ಲೇ ಇರ್ಲಿ. ಅದರ ಕೆಳಗೆ ನಾನು ಇವಳನ್ನ ಕೂರಿಸ್ಕೋತೀನಿ. ಸೂಜಿ ಅಲ್ಲ, ದಡಾರ ತಿಂತು ಇವಳನ್ನ ಅಂತ ನನ್ನ ಬಾಯಲ್ಲೇ ಕೇಳ್ಲಿ."

"ಜ್ವರ ಇದೆ. ಉಸಿರು ಗೊರಗೊರ ಅಂತಿದೆ. ಆ ಇಳಿಜಾರು ಇಳಿದ್ರೆ ಮಗು ತಡ್ಕೊಳ್ಳಲ್ಲ ಬುಬು."

"ಇಲ್ಲೇ ಮಲಗಿದ್ರೆ ತಡ್ಕೋತಾಳಾ?"

ಲೋವೈ ಮಗುವಿನ ಹೊದಿಕೆ ಸರಿಮಾಡಿದಳು. ಮುದುಕಿ ಒಲೆಯ ಮುಂದೆ ಕುಳಿತಳು. ಇಲ್ಲಿದ್ದರೆ ನಾಲ್ಕು ದಿನ ಹೆಚ್ಚು ಸಿಕ್ಕೀತು. ಮೇಲಿನ ಕೇರಿಯಲ್ಲಿ ಸೂಜಿಯ ವಯಸ್ಸು ಬರದ ಕೂಸುಗಳು ಎಷ್ಟಿವೆಯೋ. ಆ ನಾಲ್ಕು ದಿನ ಬೇಕೆಂದು ಅವಳ ಕರುಳು ಕೂಗುತ್ತಿತ್ತು.

ಕೊನೆಗೆ ಎದ್ದಳು. ನೀರು ಬಿಸಿ ಮಾಡಿ ಸೀಪಾಳ ಮುಖ ಒರೆಸಿದಳು, ತಲೆ ಬಾಚಿದಳು. ಬೆನ್ನು ಕೊಟ್ಟು ಕುಳಿತಳು. ಲೋವೈ ಹುಡುಗಿಯನ್ನು ಹೊದಿಕೆಯಿಂದ ಅವಳ ಬೆನ್ನಿಗೆ ಕಟ್ಟಿದಳು. ಬಿಸಿ ಕೆನ್ನೆ ಕತ್ತಿಗೆ ಒತ್ತಿತು.

"ಬುಬು, ಸಂತೆಗೆ ಹೋಗೋಣ್ವಾ?"

ಬೆನ್ನ ಮೇಲೆ ಸೀಪಾಳ ಮೈ ಒಮ್ಮೆ ಬೆಚ್ಚಿತು, ಅಷ್ಟೆ.

ಬಾಗಿಲು ತಗ್ಗು. ಮಗುವಿನ ತಲೆಗೆ ತಗಲದಂತೆ ದೋರ್ಕ ಮಂಡಿಯೂರಿ ತೆವಳಿ ಹೊರಗೆ ಬಂದಳು. ಸೀಪಾ ಆ ಬಾಗಿಲು ದಾಟಿದ್ದು ಅದೇ ಕೊನೆ. ದೋರ್ಕಳಿಗೆ ಅದು ಗೊತ್ತಿತ್ತು. ಬಾಗಿಲೆಳೆದುಕೊಂಡು ಇಳಿಜಾರಿಗೆ ಕಾಲಿಟ್ಟಳು.