ಮಾವನ ಕೋಟಿಗೊಂದು ಬ್ಯಾಗು

ನಮ್ಮ ಸೋದರಮಾವ ಜೀವಮಾನವಿಡೀ ಪ್ರಯಾಣದ ಬ್ಯಾಗು ಮಾರಿದವರು. ಸ್ವತಃ ಪ್ರಯಾಣ ಮಾಡಿದ್ದು ಮಾತ್ರ ಬೆರಳೆಣಿಕೆಯಷ್ಟು. ಇದನ್ನು ಯಾರಾದರೂ ಎತ್ತಿ ಆಡಿದರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. "ಶವಪೆಟ್ಟಿಗೆ ಮಾರೋನು ಮೊದಲು ತಾನು ಮಲಗಿ ನೋಡ್ತಾನಾ?" ಎಂದು ಕೇಳಿ, ತಮ್ಮ ಮಾತಿಗೆ ತಾವೇ ನಗುತ್ತಿದ್ದರು. ಅತ್ತೆಗೆ ಈ ಹಾಸ್ಯ ಸುತರಾಂ ಹಿಡಿಸುತ್ತಿರಲಿಲ್ಲ.

ಅವರು ಕೆಲಸಕ್ಕಿದ್ದ ಅಂಗಡಿ ರೈಲು ನಿಲ್ದಾಣದ ಎದುರಿನ ರಸ್ತೆಯಲ್ಲಿತ್ತು. ಪಕ್ಕದ ಔಷಧಿ ಅಂಗಡಿಯ ಕೌಂಟರಿನಲ್ಲಿ ನಾನು. ನಡುವೆ ಇದ್ದದ್ದು ಒಂದು ತೆಳು ಗೋಡೆ ಮಾತ್ರ. ಹಾಗಾಗಿ ಮಾವ ಗಿರಾಕಿಗಳ ಜೊತೆ ಆಡುವ ಮಾತೆಲ್ಲ ನನಗೆ ಕೇಳುತ್ತಿತ್ತು. ಯಾರೇ ಬರಲಿ, ಮೊದಲು ಬ್ಯಾಗು ತೋರಿಸುತ್ತಿರಲಿಲ್ಲ. "ಎತ್ತೋರು ಯಾರು?" ಎಂದು ಕೇಳುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಬಂದಿದ್ದರೆ ಈ ಒಂದು ಪ್ರಶ್ನೆಗೇ ಅಲ್ಲೊಂದು ಸಣ್ಣ ಜಗಳ ಹತ್ತಿಕೊಳ್ಳುತ್ತಿತ್ತು. ಜಗಳದಲ್ಲಿ ಸೋತವರ ಎತ್ತರ ನೋಡಿ ಮಾವ ಬ್ಯಾಗು ಇಳಿಸುತ್ತಿದ್ದರು.

ಅಂಗಡಿಯಲ್ಲಿ ಸಾಲಾಗಿಟ್ಟ ಬ್ಯಾಗುಗಳ ಹೊಟ್ಟೆಯಲ್ಲೆಲ್ಲ ತೆಳ್ಳನೆಯ ಬಿಳಿ ಕಾಗದ ತುರುಕಿರುತ್ತಿದ್ದರು. ಖಾಲಿ ಬ್ಯಾಗು ಕುಸಿದು ಕೂರುತ್ತದೆ, ಅಂಥದ್ದನ್ನು ಯಾರೂ ಕೊಳ್ಳುವುದಿಲ್ಲ. ಬೆಳಿಗ್ಗೆ ಧೂಳು ಒರೆಸುವಾಗ ಮಾವ ಒಂದೊಂದನ್ನೂ ತಟ್ಟಿ ನೋಡಿ, ಸೊರಗಿದ್ದಕ್ಕೆ ಇನ್ನಷ್ಟು ಕಾಗದ ತಿನ್ನಿಸುತ್ತಿದ್ದರು. ಮಾರುವಾಗ ಅದನ್ನು ತೆಗೆಯುವ ಪದ್ಧತಿಯೂ ಇರಲಿಲ್ಲ. ಆಕಾರ ಕೆಡದೆ ಮನೆ ಮುಟ್ಟಲಿ ಎಂದು ತುಂಬಿದ್ದು ತುಂಬಿದ ಹಾಗೇ ಗಿರಾಕಿಯ ಕೈಗೆ ಕೊಡುತ್ತಿದ್ದರು.

ಇಂಥ ಮಾವನಿಗೆ ಒಬ್ಬಳೇ ಮಗಳು. ದೂರದ ಊರಿನ ಕಾಲೇಜಿನಲ್ಲಿ ಹಲ್ಲಿನ ಡಾಕ್ಟರಿಕೆ ಓದಿದಳು. ಅವಳನ್ನು ಸೇರಿಸಲು ಹೋದ ದಿನ ನಡೆದದ್ದನ್ನು ಮಾವ ನಮಗೆಲ್ಲ ತಮಾಷೆಯಾಗಿಯೇ ಹೇಳಿದ್ದರು. ಹಾಸ್ಟೆಲಿನ ಬಾಗಿಲಲ್ಲಿ ಮಗಳ ಸಾಮಾನು ಹೊತ್ತು ನಿಂತಿದ್ದಾಗ, ಗರಿಗರಿ ಕೋಟು ತೊಟ್ಟ ಇನ್ನೊಬ್ಬ ಹುಡುಗಿಯ ತಂದೆ ತಮ್ಮ ಪೆಟ್ಟಿಗೆಯನ್ನೂ ಇವರ ಕೈಗೆ ಕೊಟ್ಟು "ಎರಡನೇ ಮಹಡಿ" ಎಂದರಂತೆ. ಇವರು ಹೊತ್ತುಕೊಂಡು ಹೋಗಿ ಇಟ್ಟುಬಂದರಂತೆ. "ಪೆಟ್ಟಿಗೆ ಏನೋ ಚೆನ್ನಾಗಿತ್ತು, ಚಕ್ರ ಮಾತ್ರ ಕಳಪೆ," ಎಂದು ನಮ್ಮನ್ನು ನಗಿಸಿದರು. ಅವರು ಹೇಳದೆ ಬಿಟ್ಟದ್ದನ್ನು ಆಮೇಲೆ ಅತ್ತೆ ನನಗೆ ಹೇಳಿದರು. ಮಗಳು ಅಲ್ಲೇ ಮೆಟ್ಟಿಲ ಮೇಲೆ ಹೊಸ ಗೆಳತಿಯರ ಜೊತೆ ನಿಂತಿದ್ದಳು. ನೋಡಿದಳು. ಮುಖ ತಿರುಗಿಸಿಕೊಂಡಳು. ಅವಳು ತಿರುಗಿಸಿಕೊಂಡದ್ದನ್ನು ಮಾವನೂ ನೋಡಿದರು.

ಅಲ್ಲಿಂದಾಚೆಗೆ ಮಾವ ಆ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಪ್ರತಿ ವರ್ಷ ಅವಳು ಕರೆಯುವಳು, ಪ್ರತಿ ವರ್ಷ ಅಂಗಡಿಯಲ್ಲಿ ಏನೋ ತುರ್ತು ಕೆಲಸ. ಕಾರಣ ಅವಳಿಗೂ ಗೊತ್ತು, ಇವರಿಗೂ ಗೊತ್ತು. ಬಾಯಿ ಬಿಡುವವರು ಯಾರೂ ಇಲ್ಲ. ಫೋನಿನಲ್ಲಿ ಊಟ ಆಯ್ತಾ, ನಿದ್ದೆ ಬಂತಾ ಎನ್ನುವಲ್ಲಿಗೆ ಮಾತು ಮುಗಿದುಹೋಗುತ್ತಿತ್ತು. ನನಗಂತೂ ಈ ಅಪ್ಪ ಮಗಳನ್ನು ಒಂದು ಕೋಣೆಯಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕಿಬಿಡಬೇಕು ಅನ್ನಿಸುತ್ತಿತ್ತು.

ಓದು ಮುಗಿದು ಪದವಿ ಕೊಡುವ ಸಮಾರಂಭ ಬಂತು. ಆ ಕಾಲೇಜಿನಲ್ಲಿ ಒಂದು ಪದ್ಧತಿ ಇದೆ. ಪದವಿ ಪಡೆದವರು ಮೈಕಿನ ಮುಂದೆ ನಿಂತು, ತಮ್ಮ ಜೊತೆ ಬಂದವರು ಯಾರೆಂದು ಸಭೆಗೆ ತೋರಿಸಬೇಕು. ಮಗಳು ಫೋನಿನಲ್ಲಿ ಇದನ್ನು ಹೇಳಿ, "ಈ ಸಲ ಬಾ ಅಪ್ಪ. ಈ ಸಲಾನೂ ಬರಲಿಲ್ಲ ಅಂದ್ರೆ ಇನ್ಮೇಲೆ ನಾನು ಕರೆಯಲ್ಲ," ಎಂದಳು. ಸಿಟ್ಟಿನಿಂದ ಹೇಳಿರಲಿಲ್ಲ, ಅದಕ್ಕೇ ಮಾವ ಹೆದರಿದರು. ಮಂಡಿನೋವಿನ ಅತ್ತೆ ರೈಲು ಹತ್ತುವ ಹಾಗಿರಲಿಲ್ಲ. ಜೊತೆಗೆ ನಾನು ಹೊರಡುವುದೆಂದಾಯಿತು.

"ಕೋಟು ಹಾಕ್ಕೊಂಡೇ ಹೋಗ್ಬೇಕು ಕಣೇ," ಎಂದರು ಮಾವ ನನಗೆ. "ಒಂದು ಸುಕ್ಕು ಇರಬಾರ್ದು. ಅವಳು ಕೈ ತೋರಿಸಿದಾಗ ಅಲ್ಲಿ ಕೂತಿರೋರು ಅವಳಪ್ಪನ್ನ ನೋಡ್ಬೇಕು. ಇನ್ನೊಂದು ಸಲ ಯಾರೂ ನನ್ನ ಕೈಗೆ ಪೆಟ್ಟಿಗೆ ಕೊಡಬಾರ್ದು."

ಈ ಸಲ ಅವರು ನಗಲಿಲ್ಲ. ಚಕ್ರದ ಮಾತಿಗೆ ಬಿದ್ದು ಬಿದ್ದು ನಕ್ಕಿದ್ದ ನಾನೂ ನಗಲಿಲ್ಲ.

ಇದ್ದದ್ದು ಒಂದೇ ಕೋಟು, ಅವರ ಮದುವೆಯದ್ದು. ಅತ್ತೆ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟಿದ್ದ ಬಟ್ಟೆಯನ್ನೆಲ್ಲ ಹೊರಗೆ ತಂದು ಹೊಟ್ಟೆಗೆ ಜಾಗ ಮಾಡಿಕೊಟ್ಟರು. "ಇನ್ನು ಬಿಡೋಕೆ ಏನೂ ಉಳಿದಿಲ್ಲ. ಅಲ್ಲಿ ಜೋರಾಗಿ ಉಸಿರು ಎಳ್ಕೋಬೇಡಿ," ಎಂದು ಎಚ್ಚರಿಸಿ ಇಸ್ತ್ರಿ ಮಾಡಿದರು. ರಾತ್ರಿಯಿಡೀ ರೈಲು, ಇಳಿದವರೇ ಮುಖ ತೊಳೆದು ನೇರ ಸಭೆಗೆ. ತೊಟ್ಟುಕೊಂಡೇ ರೈಲು ಹತ್ತಿ ಎಂದು ನಾನಂದರೆ, ಕೂತು ಒರಗಿದರೆ ಬೆನ್ನೆಲ್ಲ ಮುದುಡಿಹೋಗುತ್ತದೆ ಎಂದರು ಮಾವ. ಬ್ಯಾಗು ಬೇಕೇ ಬೇಕು. ಅಂಗಡಿಯ ಮಾಲೀಕರು ದೊಡ್ಡ ಮನಸ್ಸು ಮಾಡಿ, "ಯಾವುದು ಬೇಕೋ ತಗೊಂಡು ಹೋಗಿ," ಎಂದುಬಿಟ್ಟರು.

ಊರಿಗೆಲ್ಲ ಕಣ್ಣು ಮಿಟುಕಿಸುವುದರೊಳಗೆ ಬ್ಯಾಗು ಆರಿಸಿಕೊಡುವ ಮನುಷ್ಯ ತನಗೊಂದು ಆರಿಸಿಕೊಳ್ಳಲು ಒದ್ದಾಡಿಹೋದರು. ಸಂಜೆ ಅಂಗಡಿ ಮುಚ್ಚುವಾಗ ಕೋಟನ್ನು ಒಂದು ಬ್ಯಾಗಿನಲ್ಲಿಟ್ಟು ಬರುವುದು, ಬೆಳಿಗ್ಗೆ ನನ್ನನ್ನು ಸಾಕ್ಷಿಗೆ ಕರೆದು ತೆರೆಯುವುದು. ಗಟ್ಟಿ ಪೆಟ್ಟಿಗೆಯಲ್ಲಿ ಇಟ್ಟಾಗ ಸೊಂಟದ ಹತ್ತಿರ ಅಡ್ಡಗೆರೆ ಬಿತ್ತು. ಉದ್ದನೆಯ ಉರುಟು ಚೀಲದಲ್ಲಿ ಸುತ್ತಿಟ್ಟಾಗ ಬೆನ್ನು ಸರಿಯಿತ್ತು, ಕಾಲರು ಮಾತ್ರ ಎಮ್ಮೆ ನೆಕ್ಕಿದ ಹಾಗೆ ಒಂದು ಕಡೆ ವಾಲಿಕೊಂಡಿತ್ತು. ಮೂರು ಮಡಿಕೆಯ ಬಟ್ಟೆ ಕವರಿನಲ್ಲಿ ಒಂದರ ಬದಲು ಎರಡು ಗೆರೆ ಬಿದ್ದವು. ಪ್ರತಿ ಸಲವೂ ಕೋಟು ಮನೆಗೆ ಹೋಗಿ ಮತ್ತೆ ಇಸ್ತ್ರಿ ಮಾಡಿಸಿಕೊಂಡು ಬರುತ್ತಿತ್ತು. "ಇದಕ್ಕೆ ಆಗ್ತಿರೋ ಉಪಚಾರ ಮದುವೆಯಾದಾಗಿಂದ ನನಗೆ ಆಗಿಲ್ಲ," ಎಂದು ಅತ್ತೆ ಗೊಣಗಿದರು.

"ಇಷ್ಟು ಸಣ್ಣ ಸುಕ್ಕು ಯಾರಿಗೆ ಕಾಣುತ್ತೆ ಮಾವ?" ಎಂದೆ ಒಂದು ಬೆಳಿಗ್ಗೆ.

"ನನಗೆ ಕಾಣುತ್ತೆ."

ನನಗೆ ತಾಳ್ಮೆ ಕಮ್ಮಿ. "ನಿಮಗೆ ಬ್ಯಾಗು ಸಿಗ್ತಿಲ್ವೋ, ಹೋಗೋಕೇ ಮನಸ್ಸಿಲ್ವೋ? ಅದನ್ನಾದ್ರೂ ಹೇಳಿ," ಎಂದು ರೇಗಿದೆ. ಮಾವ ಧೂಳು ಒರೆಸತೊಡಗಿದರು.

ಕೊನೆಗೆ ಹೊರಡುವ ದಿನ ಬೆಳಿಗ್ಗೆ ಗೋಡೆಯಾಚೆಯಿಂದ ಒಂದು ಕೂಗು ಬಂತು. ಕೈಯಲ್ಲಿದ್ದ ಕೆಮ್ಮಿನ ಔಷಧಿಯ ಸಮೇತ ಓಡಿದೆ. ಮೂಲೆಯಲ್ಲಿ ಯಾರೂ ಕೇಳದೆ ಬಿದ್ದಿದ್ದ, ಎರಡಾಗಿ ಮಡಚುವ ಒಂದು ಉದ್ದನೆಯ ಬ್ಯಾಗು. ಕೋಟನ್ನು ಹ್ಯಾಂಗರ್ ಸಮೇತ ಒಳಗೆ ತೂಗುಹಾಕಿ ಪಟ್ಟಿ ಬಿಗಿಯಬೇಕು. ಮಡಿಕೆ ಬರುವ ಜಾಗದಲ್ಲಿ ಮೆತ್ತನೆಯ ದಿಂಡು ಇತ್ತು, ಬಟ್ಟೆ ಅದನ್ನು ಬಳಸಿಕೊಂಡು ಹೋಗುತ್ತಿತ್ತೇ ಹೊರತು ಮುರಿಯುತ್ತಿರಲಿಲ್ಲ. ತೋಳುಗಳೊಳಗೆ ಮಾವ ಅಂಗಡಿಯ ಬಿಳಿ ಕಾಗದವನ್ನು ಮೃದುವಾಗಿ ಉರುಳಿಸಿಟ್ಟಿದ್ದರು. ಹೊಸ ಶರ್ಟು, ಪ್ಯಾಂಟು, ಟೈ ಕೂಡ ಅದರಲ್ಲೇ. ಹುಡುಕಿದರೂ ಒಂದು ಸುಕ್ಕಿಲ್ಲ.

"ಇದೇ ಕಣೇ! ಇದೇ!" ಎಂದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇನ್ನು ಅದನ್ನು ಕದಲಿಸುವುದೇ ಬೇಡವೆಂದು ಜಿಪ್ ಎಳೆದು, ಅಭ್ಯಾಸಬಲದಿಂದ ಉಳಿದ ಬ್ಯಾಗುಗಳ ಸಾಲಿನಲ್ಲೇ ನಿಲ್ಲಿಸಿದರು.

ಮಧ್ಯಾಹ್ನದ ಹೊತ್ತಿಗೆ ಅವಸರದಲ್ಲಿದ್ದ ಗಿರಾಕಿಯೊಬ್ಬರು ಬಂದರು. ಗೋಡೆಯಾಚೆ ಮಾವನ ದನಿ ಎಂದಿಗಿಂತ ಗಟ್ಟಿಯಾಗಿತ್ತು.

"ಎತ್ತೋರು ಯಾರು ಸಾರ್?"

"ನಾನೇ."

"ಕೋಟು ಇಡ್ತೀರಾ?"

"ಹೌದು, ಅದಕ್ಕೇ ನೋಡ್ತಿದ್ದೀನಿ."

"ಹಾಗಾದ್ರೆ ಕಣ್ಣು ಮುಚ್ಕೊಂಡು ಇದನ್ನ ತಗೊಳ್ಳಿ. ನಾನೇ ಪರೀಕ್ಷೆ ಮಾಡಿದ್ದೀನಿ. ನಾನು ಗ್ಯಾರಂಟಿ."

"ಸ್ವಲ್ಪ ಭಾರ ಅಲ್ವಾ?"

"ಒಳಗಡೆ ಕಾಗದ ತುಂಬಿದೆ ಸಾರ್. ಮನೆಗೆ ಹೋಗಿ ತೆಗೆದ್ರಾಯ್ತು."

ಮಾವ ಅಷ್ಟು ಮನಸ್ಸಿಟ್ಟು ಇನ್ನೊಂದು ಬ್ಯಾಗು ಮಾರಿದ್ದನ್ನು ನಾನು ಕೇಳಿಲ್ಲ. ಆ ನಮೂನೆಯದ್ದು ಅಂಗಡಿಯಲ್ಲಿ ಇದ್ದದ್ದು ಅದೊಂದೇ ಎಂಬುದು ಆ ಸಂಭ್ರಮದಲ್ಲಿ ಅವರ ತಲೆಗೆ ಹೊಳೆಯಲೇ ಇಲ್ಲ. ಕೇಳಿಸಿಕೊಳ್ಳುತ್ತಾ ಮಾತ್ರೆ ಎಣಿಸುತ್ತಿದ್ದ ನನ್ನ ತಲೆಗೂ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಾವ ನಮ್ಮ ಅಂಗಡಿಯ ಬಾಗಿಲಿಗೆ ಬಂದು ನಿಂತರು. "ಕೋಟು ಮಾರಿಬಿಟ್ಟೆ ಕಣೇ," ಎಂದರು.

ಇಬ್ಬರೂ ನಿಲ್ದಾಣಕ್ಕೆ ಓಡಿದೆವು. ಪ್ಲಾಟ್‌ಫಾರ್ಮಿನಲ್ಲಿ ಒಂದು ರೈಲು ಆಗಷ್ಟೇ ಹೋಗಿತ್ತು. ಆ ಮನುಷ್ಯ ಯಾರು, ಎಲ್ಲಿಯವರು, ದೇವರೇ ಬಲ್ಲ. ವಾಪಸು ಬಂದು ಮಾವ ಸ್ಟೂಲಿನ ಮೇಲೆ ಕೂತು, "ಆಯ್ತು ಬಿಡು. ಇನ್ನೇನು ಹೋಗೋದು," ಎಂದರು. ಆ ಮುಖದಲ್ಲಿ ದುಃಖ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಜೊತೆಗೆ, ಪರೀಕ್ಷೆ ಮುಂದಕ್ಕೆ ಹೋಯಿತೆಂದು ಕೇಳಿದ ಹುಡುಗನ ನೆಮ್ಮದಿಯೂ ಇತ್ತು. ನನಗೆ ಮೈ ಉರಿದುಹೋಯಿತು.

"ಹೋಗಲ್ಲ ಅಂತ ನನ್ನ ಹತ್ರ ಯಾಕೆ ಹೇಳ್ತೀರಿ? ಅವಳಿಗೆ ಹೇಳಿ," ಎಂದು ನಂಬರು ಒತ್ತಿ ಫೋನನ್ನು ಅವರ ಕೈಗೆ ತುರುಕಿದೆ.

ಅವರು ನಡೆದದ್ದೆಲ್ಲ ಹೇಳಿದರು. ಕಾಗದ ತುಂಬಿದೆ ಎಂದ ಕಡೆಗೆ ಬಂದಾಗ ಅವಳ ನಗು ನನಗೂ ಕೇಳಿಸಿತು. ಆಮೇಲೆ ನಗು ನಿಂತಿತು.

"ಅಪ್ಪ, ನಾನು ಸೀಟು ಹಿಡಿದಿರೋದು ನಿನಗೆ, ಕೋಟಿಗಲ್ಲ," ಎಂದಳು. ಫೋನಿಟ್ಟಳು.

ಮಾವ ಫೋನನ್ನು ನನ್ನ ಕೈಗೆ ಕೊಟ್ಟು ಸ್ಟೂಲಿನಿಂದ ಎದ್ದರು. ಮಾಲೀಕರು ತಮ್ಮ ಕೋಟು ಕೊಡಲು ಬಂದರು; ಅದರೊಳಗೆ ಮಾವನಂಥವರು ಇಬ್ಬರು ಹಿಡಿಸುತ್ತಿದ್ದರು. ಹೊಸ ಶರ್ಟೂ ಬ್ಯಾಗಿನ ಜೊತೆಗೇ ಹೋಗಿತ್ತು, ಮನೆಗೆ ಹೋಗಿ ಬೇರೆ ಹುಡುಕಿದೆವು. ಉಳಿದವುಗಳಲ್ಲಿ ಒಂದಿಷ್ಟು ಮಾನವಾಗಿದ್ದದ್ದು ಅಂಗಡಿಯ ತಿಳಿನೀಲಿ ಸಮವಸ್ತ್ರ, ಜೇಬಿನ ಮೇಲೆ ಪುಟ್ಟ ಸೂಟ್‌ಕೇಸಿನ ಕಸೂತಿ ಇದ್ದದ್ದು. ಅತ್ತೆ ಅದಕ್ಕೆ ಇಸ್ತ್ರಿ ಹಾಕಿದರು. ಮಾವ ಅದನ್ನೇ ತೊಟ್ಟು, ಒಂದು ಬ್ಯಾಗೂ ಇಲ್ಲದೆ, ಬರಿಗೈ ಬೀಸಿಕೊಂಡು ರೈಲು ಹತ್ತಿದರು. ಸೀಟಿಗೆ ಬೆನ್ನು ಕೊಡಲಿಲ್ಲ. ನನಗೆ ಎಚ್ಚರವಾದಾಗಲೆಲ್ಲ ನೆಟ್ಟಗೆ ಕೂತೇ ಇದ್ದರು.

ಸಭಾಂಗಣದ ತುಂಬ ಕಪ್ಪು ಕೋಟು, ಬೂದು ಕೋಟು. ಬಾಗಿಲಲ್ಲೇ ಮಾವನ ಕಾಲು ನಿಂತುಬಿಟ್ಟಿತು. "ನಾನು ಹಿಂದುಗಡೆ ಎಲ್ಲಾದ್ರೂ ನಿಂತ್ಕೋತೀನಿ, ನೀನು ಹೋಗಿ ಕೂತ್ಕೋ," ಎಂದರು. ಮೊಣಕೈ ಹಿಡಿದು ಮುಂದಿನ ಸಾಲಿಗೆ ನಡೆಸಿಕೊಂಡು ಹೋದೆ. ಪಕ್ಕದವರು ಅವರ ಜೇಬಿನ ಕಸೂತಿಯನ್ನೊಮ್ಮೆ ನೋಡಿದರು. ಮಾವ ಅದರ ಮೇಲೆ ಕೈ ಅಡ್ಡ ಇಟ್ಟುಕೊಂಡು ಕೂತರು.

ಒಬ್ಬೊಬ್ಬರೇ ಮೈಕಿನ ಮುಂದೆ ಬಂದು, ನನ್ನ ತಂದೆ, ನನ್ನ ತಾಯಿ ಎಂದು ಕೈ ತೋರಿಸಿದರು. ಅಷ್ಟು ಕೋಟುಗಳಲ್ಲಿ ಯಾವ ಕೋಟೆಂದು ತಿಳಿಯದೆ ಸಭೆ ಸುಮ್ಮನೆ ಚಪ್ಪಾಳೆ ತಟ್ಟುತ್ತಿತ್ತು. ಮಾವನ ಮಗಳ ಸರದಿ ಬಂತು.

"ನಮ್ಮಪ್ಪ ಬಂದಿದ್ದಾರೆ," ಎಂದಳು. "ಅಲ್ಲಿ, ನೀಲಿ ಶರ್ಟಿನವರು."

ಇಡೀ ಸಭಾಂಗಣ ತಿರುಗಿತು. ಯಾರೂ ಹುಡುಕಬೇಕಾಗಲಿಲ್ಲ.

"ಬ್ಯಾಗ್ ಅಂಗಡೀಲಿ ಕೆಲಸ ಮಾಡ್ತಾರೆ. ನಾನು ಇಲ್ಲಿಗೆ ಸೇರಿದ ದಿನ ಯಾರೋ ಅವರನ್ನ ಸಾಮಾನು ಹೊರೋರು ಅಂದ್ಕೊಂಡು ಪೆಟ್ಟಿಗೆ ಹೊರಿಸಿದ್ರು. ನಾನು ಅಲ್ಲೇ ಇದ್ದೆ. ಅವರು ನಮ್ಮಪ್ಪ ಅಂತ ಹೇಳ್ಲಿಲ್ಲ." ಅವಳ ದನಿ ಒಡೆಯಿತು, ಮೈಕು ಹಿಡಿದು ನಿಂತು ಸರಿ ಮಾಡಿಕೊಂಡಳು. "ಈಗ ಹೇಳ್ತಿದ್ದೀನಿ. ಅವರು ನಮ್ಮಪ್ಪ."

ಮಾವ ಎದ್ದು ನಿಂತರು. ಏಳಿ ಎಂದು ಯಾರೂ ಹೇಳಿರಲಿಲ್ಲ. ಜೇಬಿನ ಮೇಲಿದ್ದ ಕೈ ಕೆಳಗಿಳಿದಿತ್ತು. ಚಪ್ಪಾಳೆ ಎದ್ದಿತು, ಜೋರಾಯಿತು, ನಿಧಾನಕ್ಕೆ ಅಡಗಿತು. ವೇದಿಕೆಯಲ್ಲಿ ಮುಂದಿನ ಹೆಸರನ್ನೂ ಕೂಗಿದರು. ಮಾವ ನಿಂತೇ ಇದ್ದರು. ನನಗೆ ಒಂದು ಕಡೆ ಅಳು, ಇನ್ನೊಂದು ಕಡೆ ಮುಜುಗರ. ಅವರ ತೋಳು ಹಿಡಿದು ಎಳೆದೆ.

"ಎಲ್ಲರೂ ನೋಡ್ತಿದ್ದಾರೆ ಮಾವ, ಕೂತ್ಕೊಳ್ಳಿ."

"ನೋಡ್ಲಿ ಬಿಡೇ," ಎಂದರು. "ಇನ್ನೊಂಚೂರು ನೋಡ್ಲಿ."